ಅಗಸ್ತ್ಯನ ಎಡಗಡೆ

8 ಡಿಸೆಂಬರ್ 2024, ರವಿವಾರ. ಬಸವನ ಬಾಗೇವಾಡಿ

ಹಳೆಯ ಕ್ಯಾಮೆರಾ ಹುಬ್ಬಳ್ಳಿಯಿಂದ ರಿಪೇರಿಯಾಗಿ ಬಂತು. ರಿಪೇರಿ ಎನ್ನುವುದು ಮನೆಯಲ್ಲಿ ಹೇಳಿದ ಮಾತು. ಕೆಡದ ಕ್ಯಾಮೆರಾ ಬಿಚ್ಚಿಸಿ, ಸೆನ್ಸರಿನ ಮುಂದಿನ ಫಿಲ್ಟರ್ ತೆಗೆಸಿ ಬೇರೆ ಗಾಜು ಕೂಡಿಸಿದ್ದೇನೆ. ಚಹಾ ತಂದ ಹುಡುಗನನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದು ನೋಡಿದೆ. ಮುಖ ಕೆಂಪು, ಬಿಳಿ ಅಂಗಿ ನಸುಗೆಂಪು, ಹಿಂದಿನ ಬೇವಿನ ಗಿಡಕ್ಕೂ ಕೆಂಪು ಛಾಯೆ. "ಏನ್ರಿ ಇದು, ಓಕಳಿ ಆಡಿ ಬಂದಂಗ ಕಾಣ್ತೇನಿ" ಅಂದ. ಇನ್ನು ಇದು ಮದುವೆ ಮನೆಯ ಕ್ಯಾಮೆರಾ ಅಲ್ಲ.

ನಮ್ಮ ಕಣ್ಣಿಗೆ ಕಾಣುವ ಬಣ್ಣವೇ ಫೋಟೋದಲ್ಲೂ ಬರಲೆಂದು ಕಂಪನಿಯವರು ಸೆನ್ಸರಿನ ಮುಂದೆ ಒಂದು ಫಿಲ್ಟರ್ ಹಾಕಿರುತ್ತಾರೆ. ಕಡುಗೆಂಪನ್ನು ಅದು ಬಹುಪಾಲು ತಡೆಯುತ್ತದೆ. ಆಕಾಶದ ಜಲಜನಕ ಮಿನುಗುವುದು ಸರಿಯಾಗಿ ಅಲ್ಲೇ, 656.3 ನ್ಯಾನೊಮೀಟರಿನಲ್ಲಿ. ಮದುಮಗಳ ಮುಖ ಚೆಂದ ಬರಲಿ ಎಂದು ಹಾಕಿದ ಗಾಜು ನೀಹಾರಿಕೆಯನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತದೆ. ಇಷ್ಟು ವರ್ಷ ಮದುಮಗಳ ಪರವಾಗಿದ್ದೆ. ಈ ಒಂದು ಚಳಿಗಾಲ ಆಚೆಯ ಪಕ್ಷ.

ಬೇಕಾಗಿರುವುದು ಗಮ್ ನೀಹಾರಿಕೆ. ಕಾಲಿನ್ ಗಮ್ ಎಂಬ ಆಸ್ಟ್ರೇಲಿಯಾದ ಖಗೋಳ ವಿಜ್ಞಾನಿ ಕ್ಯಾನ್‌ಬೆರಾ ಹತ್ತಿರದ ಮೌಂಟ್ ಸ್ಟ್ರೋಮ್ಲೊ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತ 1950ರ ದಶಕದ ಮೊದಲಲ್ಲಿ ಇದನ್ನು ಗುರುತಿಸಿದ. ಆಕಾಶದಲ್ಲಿ ಇದರ ಅಗಲ ಸುಮಾರು 36 ಡಿಗ್ರಿ, ಹುಣ್ಣಿಮೆಯ ಚಂದ್ರನನ್ನು ಸಾಲಾಗಿ ಎಪ್ಪತ್ತು ಸಲ ಇಡಬಹುದು. ಇಷ್ಟು ದೊಡ್ಡದು ಅಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಎಷ್ಟು ಮಸುಕು ಎಂದು ತಿಳಿಯುತ್ತದೆ. ಗಮ್ 1960ರಲ್ಲಿ ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಲ್ಲಿ ಹಿಮದ ಮೇಲೆ ಸ್ಕೀ ಮಾಡುವಾಗ ಅಪಘಾತಕ್ಕೀಡಾಗಿ ಸತ್ತ. ಮೂವತ್ತೈದು ವರ್ಷ.

ಹುಡುಕುವುದು ಕಷ್ಟವಲ್ಲ. ತೆಂಕಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ಚುಕ್ಕಿ ಎದ್ದು ಕಾಣುತ್ತದೆ. ಅದರ ಎಡಕ್ಕೆ, ತುಸು ಮೇಲಕ್ಕೆ, ಖಾಲಿ ಎನಿಸುವ ಜಾಗವೆಲ್ಲ ಅದೇ. ಆಲಮಟ್ಟಿಯ ಅಕ್ಷಾಂಶದಲ್ಲಿ ಅಗಸ್ತ್ಯ 21 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಲಡಾಖಿನ ಹಾನ್ಲೆಯಲ್ಲಿ, ದೇಶದ ಅತಿ ಕಪ್ಪು ಆಕಾಶವಿದೆ ಎನ್ನುವಲ್ಲಿ, ಐದು ಡಿಗ್ರಿಯೂ ಏರುವುದಿಲ್ಲ. ಎದುರಿನ ಪರ್ವತದ ಹಿಂದೆಯೇ ಹೊತ್ತು ಕಳೆಯುತ್ತಾನೆ. ಪರ್ವತ ಅವರಿಗೆ ಸಿಕ್ಕಿದೆ, ತೆಂಕಣ ಆಕಾಶ ನಮಗೆ.

ಆದರೆ ಫೋಟೋದಲ್ಲಿ ಕೆಳಗೊಂದು ಗುಡ್ಡ ಬೇಕು ಎಂಬ ಹಟ ಹುಟ್ಟಿದೆ. ಈ ಜಿಲ್ಲೆಯಲ್ಲಿ ಗುಡ್ಡ ಕೇಳುವವನನ್ನು ಕಂಡು ಎರೆಮಣ್ಣು ನಕ್ಕೀತು. ಇಂಡಿ, ಸಿಂದಗಿ ಕಡೆ ಕಣ್ಣು ಹಾಯುವವರೆಗೂ ಜೋಳ, ತೊಗರಿ. ಕೃಷ್ಣೆಯ ದಂಡೆಗೆ ಇಳಿದರೆ ಮಾತ್ರ ನೆಲ ಬೆನ್ನೆತ್ತುತ್ತದೆ.

21 ಡಿಸೆಂಬರ್ 2024, ಶನಿವಾರ. ಸಿಂದಗಿ

ಎರಡು ಹಲಗೆ, ಒಂದು ಬಿಜಾಗರಿ, ಒಂದು ಬೋಲ್ಟು. ಚುಕ್ಕಿಗಳ ಜೊತೆಗೆ ಕ್ಯಾಮೆರಾ ತಿರುಗಿಸುವ ಯಂತ್ರ ಇಷ್ಟೇ. ವಿಜ್ಞಾನದ ಮಾಸ್ತರರು ಚಿತ್ರ ಬರೆದುಕೊಟ್ಟಿದ್ದರು. ಇಲ್ಲಿನ ವೆಲ್ಡಿಂಗ್ ಅಂಗಡಿಯವರು ಅರ್ಧ ದಿನದಲ್ಲಿ ಮಾಡಿದರು. ಬಿಜಾಗರಿಯ ಗೆರೆಯನ್ನು ಧ್ರುವದ ಕಡೆ ತಿರುಗಿಸಿ ಇಡಬೇಕು. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುವ ಬೋಲ್ಟನ್ನು ಬಿಜಾಗರಿಯಿಂದ 228.5 ಮಿಲಿಮೀಟರ್ ದೂರಕ್ಕೆ ಕೂಡಿಸಿ, ನಿಮಿಷಕ್ಕೊಂದು ಸುತ್ತು ತಿರುಗಿಸುತ್ತ ಹೋದರೆ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಇಂಥದ್ದೇ ಕೆಲಸಕ್ಕೆ ಮೋಟರಿನ ಯಂತ್ರ ಪೇಟೆಯಲ್ಲಿ ಸಿಗುತ್ತದೆ. ಬೆಲೆ ಕೇಳಿ ಸುಮ್ಮನಾದೆ.

ಆ ಅರ್ಧ ಮಿಲಿಮೀಟರಿನ ಮೇಲೆ ವೆಲ್ಡಿಂಗ್‌ನವರಿಗೆ ಸಿಟ್ಟು. "ನೇಗಲಾ ಮಾಡೋ ಕೈರೀ ಇದು. ಕೂದಲೆಳಿ ಲೆಕ್ಕ ಯಾಕ ಹಚ್ಚೀರಿ?" ಆದರೂ ತೂತನ್ನು ಸರಿಯಾಗಿ ಅಲ್ಲೇ ಕೊರೆದರು.

ಮಾಸ್ತರರ ಮನೆಯಲ್ಲಿ ಊಟ, ಸಜ್ಜಿರೊಟ್ಟಿ, ಎಣ್ಣೆಗಾಯಿ. ಬಾರ್ನಾರ್ಡನ ಕತೆ ಹೇಳಿದರು. ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್, 1857ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದವ, ಬಡವರ ಹುಡುಗ, ಒಂಬತ್ತರ ವಯಸ್ಸಿಗೆ ಫೋಟೋ ಸ್ಟುಡಿಯೋದಲ್ಲಿ ದುಡಿಯಲು ಸೇರಿದ. ಆಗ ಫೋಟೋ ದೊಡ್ಡದು ಮಾಡಲು ಬಿಸಿಲೇ ದೀಪ. ಮಾಳಿಗೆಯ ಮೇಲಿನ ದೊಡ್ಡ ಯಂತ್ರ ದಿನವಿಡೀ ಸೂರ್ಯನಿಗೆ ಎದುರಾಗಿಯೇ ಇರಬೇಕು. ಸೂರ್ಯ ಸರಿದಂತೆ ಅದನ್ನು ಕೈಯಿಂದ ಸರಿಸುವುದು ಈ ಹುಡುಗನ ಕೆಲಸ. ಮುಂದೆ ಲಿಕ್ ವೀಕ್ಷಣಾಲಯ ಸೇರಿದ. ಮೃಗಶಿರದ ಬೇಟೆಗಾರನ ಸುತ್ತ ಇರುವ ಮಸುಕು ಕಮಾನನ್ನು 1894ರಲ್ಲಿ ಫೋಟೋ ತೆಗೆದ; ಅದಕ್ಕೆ ಇವನದೇ ಹೆಸರು. ಅದಕ್ಕೂ ಮೊದಲೇ, 1889ರಲ್ಲಿ, ಪಿಕರಿಂಗ್ ಎಂಬಾತನ ಫೋಟೋದಲ್ಲಿ ಅದು ಬಂದಿತ್ತಂತೆ. ಹೆಸರು ಉಳಿದದ್ದು ಸ್ಟುಡಿಯೋದ ಹುಡುಗನದು. ಪಕ್ಷಪಾತ ಎನ್ನಿ, ನನಗೆ ಸಂತೋಷವಾಯಿತು.

30 ಡಿಸೆಂಬರ್ 2024, ಸೋಮವಾರ. ಡೋಣಿ ಸಾಲಿನ ಹೊಲ

ಎಳ್ಳಮಾಸಿ. ಎಲ್ಲರೂ ಹೊಲಕ್ಕೆ ಬಂದಿದ್ದರು. ಚರಗ ಚೆಲ್ಲಿ, ಬನ್ನಿಗಿಡದ ಕೆಳಗೆ ಕೂತು ಊಟ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಭಜ್ಜಿ, ಅಗಸಿ ಹಿಂಡಿ. ಬಿಳಿಜೋಳ ಎದೆಮಟ್ಟ ಬಂದಿದೆ. ಕಡಲೆ ಹೂವಾಡಿದೆ. ಇಳಿಹೊತ್ತಿಗೆ ಗಾಡಿ, ಟ್ರ್ಯಾಕ್ಟರ್ ಎಲ್ಲ ಊರ ದಾರಿ ಹಿಡಿದವು. ನಾನು ಉಳಿದೆ. "ಅಮಾಸಿ ದಿನ ಒಬ್ಬನ ಹೊಲದಾಗ ಯಾಕೋ ಯಪ್ಪಾ?" ಎಂದು ಅವ್ವ ಟ್ರ್ಯಾಕ್ಟರ್ ಮೇಲಿಂದ ಕೂಗಿದಳು. ಅಮಾಸಿ ಬಿಟ್ಟು ಬೇರೆ ದಿನ ನನಗೆ ಉಪಯೋಗವಿಲ್ಲ ಎಂದು ಅವಳಿಗೆ ತಿಳಿಸಿ ಹೇಳುವುದು ನನ್ನಿಂದಾಗದ ಮಾತು.

ಇವತ್ತು ತೆಂಕಣ ಬೇಡ, ಮೊದಲು ಬಾರ್ನಾರ್ಡನ ಕಮಾನಿನ ಮೇಲೆ ಹಲಗೆಯ ಪರೀಕ್ಷೆ. ನಮ್ಮಲ್ಲಿ ಧ್ರುವ ಇರುವುದು ಬರೀ ಹದಿನಾರೂವರೆ ಡಿಗ್ರಿ ಎತ್ತರದಲ್ಲಿ, ರಸ್ತೆಯ ಧೂಳಿನೊಳಗೆ. ಕಬ್ಬಿನ ಟ್ರಾಲಿಗಳು ಹಾದಾಗಲೆಲ್ಲ ಕಾಣದಾಗುತ್ತಿತ್ತು. ಉತ್ತರ-ದಕ್ಷಿಣ ಹಿಡಿಯುವುದರಲ್ಲೇ ಒಂದು ತಾಸು ಹೋಯಿತು. ಒಂಬತ್ತರ ಹೊತ್ತಿಗೆ ಬೇಟೆಗಾರ ಮೂಡಣದಲ್ಲಿ ಅರ್ಧ ಆಕಾಶ ಏರಿದ್ದ. ಮೇಲೆ ರೋಹಿಣಿಯ ಹತ್ತಿರ ಗುರು. ವಾಚಿನ ಸೆಕೆಂಡ್ ಮುಳ್ಳು ನೋಡುತ್ತ ಬೋಲ್ಟು ತಿರುಗಿಸುವುದು, ಎರಡು ನಿಮಿಷಕ್ಕೊಂದು ಫೋಟೋ. 24 ಎಂಎಂ ಲೆನ್ಸು, ಎಫ್ 2.8, ಐಎಸ್‌ಒ 1600.

ರಾತ್ರಿ ಮನೆಗೆ ಬಂದು ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ ನೋಡಿದೆ. ಒಂದೇ ಫೋಟೋದಲ್ಲಿ ಕೆಂಪೂ ಇದೆ, ಸೆನ್ಸರಿನ ಗಲೀಜೂ ಇದೆ, ಬೇರೆ ಮಾಡಲಾಗದು. ಕೂಡಿಸುತ್ತ ಹೋದಂತೆ ನಿಜವಾದ ಬೆಳಕು ಪ್ರತಿ ಸಲವೂ ಅಲ್ಲೇ ಬೀಳುತ್ತದೆ, ಗಲೀಜು ಸಲಕ್ಕೊಂದು ಕಡೆ ಬೀಳುತ್ತದೆ. ಆದರೆ ಲಾಭ ಬಿಗಿ ಕೈಯಿಂದಲೇ ಬರುತ್ತದೆ: ನಾಲ್ಕು ಪಟ್ಟು ಫೋಟೋ ತೆಗೆದರೆ ಸ್ಪಷ್ಟತೆ ಎರಡು ಪಟ್ಟು, ಹದಿನಾರು ಪಟ್ಟಿಗೆ ನಾಲ್ಕು. ನಡುಪಟ್ಟಿಯ ಮೂರು ಚುಕ್ಕಿಗಳ ಎಡಗಡೆಯಿಂದ ಕೆಳಕ್ಕೆ ಬಾಗಿದ ಕೆಂಪು ಕಮಾನು ಬಂದಿದೆ. ಚುಕ್ಕಿಗಳು ಗೆರೆಯಾಗಿಲ್ಲ. ವೆಲ್ಡಿಂಗ್ ಅಂಗಡಿಗೆ ಫೋನ್ ಮಾಡಿ ಹೇಳಬೇಕು.

13 ಜನವರಿ 2025, ಸೋಮವಾರ. ಬಸವನ ಬಾಗೇವಾಡಿ

ಬನದ ಹುಣ್ಣಿಮೆ. ಆಕಾಶದ ಕೆಲಸಕ್ಕೆ ರಜೆ, ಅಂಗಡಿ ತುಂಬ ಕೆಲಸ. ನಾಳೆ ಸಂಕ್ರಾಂತಿ, ವಿಜಯಪುರದ ಸಿದ್ಧೇಶ್ವರ ಜಾತ್ರೆ.

ಒಬ್ಬ ಹೆಣ್ಣುಮಗಳು ಬಂದಿದ್ದಳು. ಹೋದ ತಿಂಗಳ ಮದುವೆಯ ಫೋಟೋದಲ್ಲಿ ತೀರಿಕೊಂಡ ಅಪ್ಪನನ್ನು ತನ್ನ ಪಕ್ಕ ನಿಲ್ಲಿಸಿಕೊಡಬೇಕು. ಅಪ್ಪನದೆಂದು ಉಳಿದಿರುವುದು ಮತದಾರರ ಗುರುತಿನ ಚೀಟಿಯ ಚಿತ್ರ ಒಂದೇ, ಅದೂ ಸವೆದದ್ದು. ಮಧ್ಯಾಹ್ನವೆಲ್ಲ ಕೂತು ಮಾಡಿದೆ. ಬೇರೆಯವರ ದೇಹಕ್ಕೆ ಆ ಮುಖ, ತಲೆಗೆ ಪಟಕ, ಬೆಳಕು ಎಡದಿಂದ. ಈ ಕೆಲಸಕ್ಕೆ ನಾನು ಎಂದೂ ಹಿಂದೆ ಮುಂದೆ ನೋಡಿಲ್ಲ. ಅವರಿಗೂ ಗೊತ್ತು, ನೋಡುವವರಿಗೂ ಗೊತ್ತು, ಅಪ್ಪ ಅಲ್ಲಿರಲಿಲ್ಲ ಎಂದು.

ಅವಳು ಹೋದ ಮೇಲೆ ಸಿಂದಗಿ ಕಡೆಯ ಒಂದು ಜೋಡಿ. ಆಲಮಟ್ಟಿ ಉದ್ಯಾನದಲ್ಲಿ ತೆಗೆದ ಪ್ರೀ-ವೆಡ್ಡಿಂಗ್ ಫೋಟೋದ ಹಿಂದೆ ಆಕಾಶಗಂಗೆ ಬೇಕಂತೆ, ಮೇಲೊಂದು ದೊಡ್ಡ ಚಂದ್ರ. ಚಂದ್ರನಿದ್ದರೆ ಆಕಾಶಗಂಗೆ ಕಾಣುವುದಿಲ್ಲ ಎಂದೆ. "ಇರ್ಲಿ ಬಿಡ್ರಿ, ಎರಡೂ ಹಾಕ್ರಿ" ಅಂದ ಮದುಮಗ. ಹಾಕಿಕೊಟ್ಟೆ. ಹೋದ ವರ್ಷವಾಗಿದ್ದರೆ ಕೈ ನಡುಗುತ್ತಿರಲಿಲ್ಲ. ಇವತ್ತು ಆ ಚಂದ್ರನನ್ನು ಅಂಟಿಸುವಾಗ ಹಿಂಸೆಯಾಯಿತು, ಸತ್ತ ಅಪ್ಪನನ್ನು ನಿಲ್ಲಿಸುವಾಗ ಆಗಲಿಲ್ಲ. ಯಾಕೆ ಎಂದು ಸರಿಯಾಗಿ ಹೇಳಲಾರೆ.

29 ಜನವರಿ 2025, ಬುಧವಾರ. ತಂಗಡಗಿ, ಮುದ್ದೇಬಿಹಾಳ ತಾಲೂಕು

ಅವರಾತ್ರಿ ಅಮಾವಾಸ್ಯೆ. ಸಂಜೆ ಮುದ್ದೇಬಿಹಾಳದಲ್ಲಿ ಅಕ್ಕನ ಮನೆಗೆ ಹೋಗಿ ಅಳಿಯನನ್ನು ಕರೆದುಕೊಂಡೆ. ಇಂಜಿನಿಯರಿಂಗ್ ಓದುತ್ತಾನೆ, ಕಂಪ್ಯೂಟರ್ ಕೆಲಸ ನನಗಿಂತ ಚೆನ್ನಾಗಿ ಬರುತ್ತದೆ, ನಿದ್ದೆ ಮಾತ್ರ ತಡೆಯುವುದಿಲ್ಲ.

ತಂಗಡಗಿಯಲ್ಲಿ ನೀಲಮ್ಮನ ಐಕ್ಯಸ್ಥಳ, ಎದುರಿಗೆ ಕೃಷ್ಣೆ. 1565ರಲ್ಲಿ ವಿಜಯನಗರದ ಅಳಿಯ ರಾಮರಾಯನ ತಲೆ ಹೋದ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಎಂಬ ಹೆಸರು ಬಂದದ್ದು ಈ ಊರಿನಿಂದ. ಬಿಜಾಪುರದ ಕಡೆಯಿಂದ ಆ ಯುದ್ಧಕ್ಕೆ ಬಂದವನು ಮೊದಲನೇ ಅಲಿ ಆದಿಲ್‌ಶಾಹ. ಶಾಲೆಯಲ್ಲಿ ನಾವು ಓದಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಐದು ವರ್ಷಕ್ಕೆ, 1570ರಲ್ಲಿ, ಅದೇ ಸುಲ್ತಾನನ ಬಿಜಾಪುರದಲ್ಲಿ 'ನುಜೂಮ್ ಅಲ್-ಉಲೂಮ್' ಎಂಬ ಹಸ್ತಪ್ರತಿ ಸಿದ್ಧವಾಯಿತು. ಗ್ರಹ, ರಾಶಿ, ದೇವತೆ, ಮಂತ್ರ, ಆಯುಧ, ಆನೆ, ಕುದುರೆ ಎಲ್ಲದರ ಚಿತ್ರಗಳೂ ತುಂಬಿದ ಪುಸ್ತಕ. ಈಗ ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಮ್ಮ ಜಿಲ್ಲೆಯವರು ಆಕಾಶ ನೋಡಿ ಬರೆದ ಹೊತ್ತಗೆ ನೋಡಲು ಅಷ್ಟು ದೂರ ಹೋಗಬೇಕು.

ಹನ್ನೊಂದರ ಸುಮಾರಿಗೆ ಹಲಗೆ ಹೂಡಿ ಕೂತೆವು. ಗಮ್‌ನ ನಡುಭಾಗ ನೆತ್ತಿಯ ಗೆರೆ ದಾಟುವುದು ಮಧ್ಯರಾತ್ರಿ ಕಳೆದು ಅರ್ಧ ತಾಸಿನ ಒಳಗೆ. ಕಣ್ಣಿನ ಕತ್ತಲು ಕೆಡಬಾರದೆಂದು ಇಬ್ಬರ ಹಣೆಗೂ ಕೆಂಪು ದೀಪ. ಸ್ವಲ್ಪ ಹೊತ್ತಿಗೆ ಹೊಲದ ಕಡೆಯಿಂದ ಬ್ಯಾಟರಿ ಬೆಳಕು, ಮೂರು ನಾಲ್ಕು ಮಂದಿ, ಒಬ್ಬನ ಕೈಯಲ್ಲಿ ಬಡಿಗೆ. ತ್ರೀ ಫೇಸ್ ಕರೆಂಟು ಈ ವಾರ ರಾತ್ರಿ ಪಾಳಿಯಂತೆ, ನೀರು ಬಿಡಲು ಬಂದವರು.

"ಯಾರ್ರೀ ಅದು? ನಿಧಿ ತಗ್ಯಾಕ ಬಂದೀರೇನು?"

ಅಮಾಸಿ, ನಡುರಾತ್ರಿ, ಹಳೆಯ ಯುದ್ಧದ ನೆಲ, ಹಣೆಯ ಮೇಲೆ ಕೆಂಪು ದೀಪ, ಮೂರು ಕಾಲಿನ ಯಂತ್ರ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಬಾಗೇವಾಡಿಯ ಸ್ಟುಡಿಯೋದವ ಎಂದೆ. ನಂಬಿಕೆ ಬರಲಿಲ್ಲ. ಕ್ಯಾಮೆರಾದ ಪರದೆ ತೋರಿಸಿದೆ. ಕಪ್ಪು ಪರದೆಯಲ್ಲಿ ಚುಕ್ಕಿಗಳ ಹಿಂದೆ ತೀರ ತೆಳುವಾಗಿ ಏನೋ ಕೆಂಪು. ವಯಸ್ಸಾದವರೊಬ್ಬರು ಪರದೆಯನ್ನೂ ಆಕಾಶವನ್ನೂ ಒಂದಾದ ಮೇಲೊಂದು ನೋಡಿದರು.

"ಅಲ್ಲೇನೂ ಇಲ್ಲಲ್ರೀ."

"ಐತಿ ಅಜ್ಜಾರ. ಕಣ್ಣಿಗೆ ಸಿಗೂದಿಲ್ಲ."

"ಇದಕ್ಕ ಎಷ್ಟ್ ರೊಕ್ಕ ಕೊಡ್ತಾರ?"

"ಯಾರೂ ಕೊಡಾಂಗಿಲ್ರಿ."

ಆಗ ಅವರಿಗೆ ನನ್ನ ಬಗ್ಗೆ ಸಂಶಯ ಹೋಗಿ ಕನಿಕರ ಬಂತೆಂದು ಕಾಣುತ್ತದೆ. ಪಿಂಚಣಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗಿದೆ, ಈಗಲೇ ತೆಗೆಯಲಾಗುತ್ತದೆಯೇ ಎಂದು ಕೇಳಿದರು. ಈ ಕ್ಯಾಮೆರಾದಲ್ಲಿ ತೆಗೆದರೆ ಕೆಂಪಾಗುತ್ತೀರಿ ಎಂದೆ.

ತಂಗಡಗಿ ಜಾಗ ಸಾಲದು. ತೆಂಕಣಕ್ಕೆ ಹುನಗುಂದ, ಅದರಾಚೆ ಇಳಕಲ್ಲಿನ ಬೆಳಕು. ಎದುರಿನ ದಂಡೆಯೂ ಸಪಾಟು. ಗುಡ್ಡ ಬೇಕಾದರೆ ಇನ್ನೂ ಮೇಲಕ್ಕೆ, ಆಲಮಟ್ಟಿ ಕಡೆ ಸರಿಯಬೇಕು.

16 ಫೆಬ್ರುವರಿ 2025, ರವಿವಾರ. ಇಂಡಿ

ಮಾವನವರ ಲಿಂಬೆ ತೋಟ. ಮದುವೆಯ ಕೆಲಸ ಮುಗಿಸಿ ರಾತ್ರಿ ಉಳಿದೆ. ಇಂಡಿ ಇರುವುದು ಆಲಮಟ್ಟಿಯಿಂದ ಮುಕ್ಕಾಲು ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಅಗಸ್ತ್ಯನೂ ಅಷ್ಟೇ ಕೆಳಗೆ. ಲಿಂಬೆಯ ಸಾಲಿಗೆ ತಾಗಿದಂತೆ ಕಂಡ. ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸ. ಚಂದ್ರ ಮೂಡುವ ಮೊದಲು ಮಾವನವರಿಗೆ ಅದನ್ನು ತೋರಿಸಿದೆ. ಲಿಂಬೆಯ ಧಾರಣೆ ಮಾತಾಡಿದರು.

26 ಫೆಬ್ರುವರಿ 2025, ಬುಧವಾರ. ಯಲಗೂರ ಹತ್ತಿರ, ಕೃಷ್ಣೆಯ ದಂಡೆ

ಇದನ್ನು ಬರೆಯುತ್ತಿರುವುದು ಬೆಳಗಿನ ಜಾವ, ಟೆಂಪೊದ ಸೀಟಿನಲ್ಲಿ. ಅಳಿಯ ಹಿಂದೆ ಮಲಗಿದ್ದಾನೆ.

ಶಿವರಾತ್ರಿ. "ಜಾಗರಣಿ ಗುಡ್ಯಾಗ ಮಾಡ್ತಾರ. ನದಿ ದಂಡ್ಯಾಗ ಯಾರರ ಮಾಡ್ತಾರೇನ್ರಿ?" ಎಂದು ಹೆಂಡತಿ ಕೇಳಿದರೂ ಸಾಬುದಾಣಿ ಉಸಳಿ, ಖರ್ಜೂರ, ಕುದಿಸಿದ ಗೆಣಸು ಕಟ್ಟಿಕೊಟ್ಟಳು. ನನ್ನದೂ ಉಪವಾಸವೇ. ಅಮಾವಾಸ್ಯೆಯ ಹಿಂದಿನ ರಾತ್ರಿಯಾದ್ದರಿಂದ ಚಂದ್ರನ ಕಾಟ ಬೆಳಕು ಹರಿಯುವವರೆಗೂ ಇಲ್ಲ.

ಜಾಗ ಹಗಲಲ್ಲೇ ನೋಡಿಟ್ಟಿದ್ದೆ. ಅಣೆಕಟ್ಟಿನಿಂದ ದೂರ, ಕೆಳಗೆ. ಎದುರು ದಂಡೆಯಲ್ಲಿ ಕಲ್ಲುಗುಡ್ಡಗಳ ಸಾಲು. ಮಲೆನಾಡಿನವರು ಕಂಡರೆ ದಿನ್ನೆ ಎಂದಾರು. ಆದರೆ 24 ಎಂಎಂ ಲೆನ್ಸಿಗೆ ಬೇಕಾದಷ್ಟು ಏರಿಳಿತವಿದೆ, ನೆತ್ತಿ ಒರಟಾಗಿದೆ, ಮೇಲೆ ಗೋಪುರವಾಗಲಿ ಟವರಾಗಲಿ ಇಲ್ಲ. ಬೆನ್ನ ಹಿಂದೆ, ಉತ್ತರಕ್ಕೆ, ಕೂಡಗಿಯ ಸ್ಥಾವರದ ಬೆಳಕು ಮತ್ತು ಗಾಳಿಯಂತ್ರಗಳ ಕೆಂಪು ದೀಪಗಳು. 2,400 ಮೆಗಾವ್ಯಾಟ್ ಅಲ್ಲಿ ಹುಟ್ಟುತ್ತದೆ. ನನ್ನ ಅಂಗಡಿಯ ಕಂಪ್ಯೂಟರಿಗೂ ಅದರ ಪಾಲು ಬರುತ್ತಿರಬೇಕು. ನಾವು ನೋಡುವುದು ದಕ್ಷಿಣಕ್ಕಾದ್ದರಿಂದ ತಕರಾರಿಲ್ಲ.

ಸಂಜೆ ಪಡುವಣದಲ್ಲಿ ಶುಕ್ರ ಎಷ್ಟು ಬೆಳಗುತ್ತಿದ್ದನೆಂದರೆ ನದಿಯ ನೀರಿನ ಮೇಲೆ ಅವನದೊಂದು ದಾರಿ ಬಿದ್ದಿತ್ತು. ನೆತ್ತಿಯ ಕಡೆ ಗುರು, ಅವನ ಪೂರ್ವಕ್ಕೆ ಮಂಗಳ. ಎಂಟೂವರೆಗೆ ಅಗಸ್ತ್ಯ ಗುಡ್ಡದ ನಡು ನೆತ್ತಿಗೆ ನೇರ ನಿಂತ. ಅವನು ಬಲಕ್ಕೆ ಸರಿಯುವುದನ್ನು ಕಾಯುತ್ತ ಕತ್ತಲೆಯ ಫೋಟೋಗಳನ್ನು ಮುಗಿಸಿದೆ: ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು, ಅಷ್ಟೇ ಚಳಿಯಲ್ಲಿ ತೆಗೆದದ್ದು. ಸೆನ್ಸರ್ ತಾನಾಗಿ ಹುಟ್ಟಿಸುವ ಸುಳ್ಳು ಚುಕ್ಕಿಗಳನ್ನು ಆಮೇಲೆ ಕಳೆಯಲು ಅವು ಬೇಕು.

ಒಂಬತ್ತೂವರೆಯಿಂದ ಮಧ್ಯರಾತ್ರಿವರೆಗೆ ನಿಜವಾದ ಕೆಲಸ. ಪಪ್ಪಿಸ್ ಪುಂಜದ ಝೀಟಾ, ವೇಲಾ ಪುಂಜದ ಗಾಮಾ, ಇವೆರಡನ್ನು ಫೋಟೋದ ನಡುವಿಗೆ ಸಿಗುವಂತೆ ಇಟ್ಟೆ. ಎರಡೂ ಸೂರ್ಯನಿಗಿಂತ ಬಹಳ ಪಟ್ಟು ಬಿಸಿಯಾದ ನೀಲಿ ನಕ್ಷತ್ರಗಳು. ಸುತ್ತಲಿನ ಜಲಜನಕವನ್ನು ಕೆರಳಿಸಿ ಕೆಂಪಾಗಿ ಮಿನುಗಿಸುವವು ಮುಖ್ಯವಾಗಿ ಇವೇ ಎನ್ನುತ್ತಾರೆ. ದೂರ ಸಾವಿರದ ಮುನ್ನೂರು ಜ್ಯೋತಿರ್ವರ್ಷಗಳ ಆಸುಪಾಸು. ಅದೇ ದಿಕ್ಕಿನಲ್ಲಿ, ಇನ್ನೂ ಹತ್ತಿರ, ಸುಮಾರು ಹನ್ನೊಂದು ಸಾವಿರ ವರ್ಷದ ಹಿಂದೆ ಸಿಡಿದ ನಕ್ಷತ್ರದ ಅವಶೇಷ. ಅದರ ನಡುವೆ ಉಳಿದ ಗಟ್ಟಿ ತಿರುಳು ಈಗಲೂ ಸೆಕೆಂಡಿಗೆ ಹನ್ನೊಂದು ಸಲ ಸುತ್ತುತ್ತಿದೆ. ಅದು ಸಿಡಿದಾಗ ಈ ದಂಡೆಯಲ್ಲಿ ಮನುಷ್ಯರಿದ್ದರೆ ಹಗಲಲ್ಲೂ ಕಂಡಿರಬೇಕು. ನಾನು ಬೋಲ್ಟನ್ನು ನಿಮಿಷಕ್ಕೊಂದು ಸುತ್ತು ತಿರುಗಿಸುತ್ತ ಇದನ್ನು ಅಳಿಯನಿಗೆ ಹೇಳಿದೆ. "ಹಂಗಾರ ಆ ಮೋಟರ್ ನಮ್ಮ ಹಲಗಿಗೆ ಹಚ್ಚೂಣೇನ್ ಮಾಮಾ?" ಅಂದ. ಬೆರಳು ಮರಗಟ್ಟಿದ್ದವು, ನಗು ಬಂತು.

ಊರ ಗುಡಿಯಲ್ಲಿ ಭಜನೆ ರಾತ್ರಿಯಿಡೀ. ಗುಡಿಯ ಸೀರಿಯಲ್ ಲೈಟು ನಮ್ಮ ಎಡಕ್ಕೆ, ಮರೆಯಲ್ಲಿ, ಸದ್ದು ಮಾತ್ರ ನೀರಿನ ಮೇಲೆ ತೇಲಿ ಬರುತ್ತಿತ್ತು. ನಡುವೆ ಒಂದು ಸಲ ಎದುರು ದಂಡೆಯಲ್ಲಿ ಯಾರೋ ಮೋಟರ್ ಚಾಲೂ ಮಾಡಲು ಬಂದರು. ಬ್ಯಾಟರಿ ಬೆಳಕು ಗುಡ್ಡದ ಬುಡವನ್ನು ಒಂದು ಕ್ಷಣ ಸವರಿ ಹೋಯಿತು. ಅಳಿಯ ಅಯ್ಯೋ ಎಂದ, ಆ ಫೋಟೋ ಕೆಟ್ಟಿತೆಂದು. ನಾನು ಅದನ್ನು ಬೇರೆ ತೆಗೆದಿಟ್ಟೆ.

ಕಡೆಗೆ ನೆಲದ ಸರದಿ. ಹಲಗೆ ತೆರೆಯುವಾಗ ಚುಕ್ಕಿ ನಿಲ್ಲುತ್ತವೆ, ಗುಡ್ಡ ಅಲುಗಿ ಮಸಕಾಗುತ್ತದೆ. ಹಲಗೆ ನಿಲ್ಲಿಸಿದರೆ ಗುಡ್ಡ ಚೊಕ್ಕ, ಚುಕ್ಕಿ ಗೆರೆ. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿಯುವ ಉಪಾಯ ನನ್ನ ಹತ್ತಿರ ಇಲ್ಲ. ಸ್ಟ್ಯಾಂಡನ್ನು ಕದಲಿಸದೆ, ಲೆನ್ಸು ಬದಲಿಸದೆ, ಬೋಲ್ಟು ಬಿಟ್ಟು ಐದೈದು ನಿಮಿಷದ ಫೋಟೋಗಳಲ್ಲಿ ಗುಡ್ಡ, ನೀರು, ದಂಡೆಯ ಜಾಲಿ ತೆಗೆದೆ. ಅದೇ ಜಾಗ, ಅದೇ ರಾತ್ರಿ, ಅದೇ ಗಾಜು. ಇಷ್ಟರ ಮಟ್ಟಿಗಿನ ಜೋಡಣೆಗೆ ನನ್ನ ಒಪ್ಪಿಗೆ ಇದೆ. ಇದರ ಆಚೆಗೆ ಇಲ್ಲ.

5 ಮಾರ್ಚ್ 2025, ಬುಧವಾರ. ಬಸವನ ಬಾಗೇವಾಡಿ

ಅಂಗಡಿ ಮುಚ್ಚಿದ ಮೇಲೆ ಒಂದು ವಾರದಿಂದ ಇದೇ ಕೆಲಸ. ಅಳಿಯ ಎರಡು ದಿನ ಬಂದು ಕೂತಿದ್ದ.

ಬಂದಿರುವುದು ಹೀಗಿದೆ. ಕೆಳಗೆ ಗುಡ್ಡದ ಒರಟು ಸಾಲು. ಅದರ ಮೇಲೆ ಹುನಗುಂದ, ಇಳಕಲ್ ಕಡೆಯಿಂದ ಬಂದ ಕಿತ್ತಳೆ ಮಬ್ಬು. ಮಬ್ಬು ಕರಗುವಲ್ಲಿಂದ ಕೆಂಪು ಶುರು: ಎಡಗಡೆ ಒಂದು ದಪ್ಪ ಬಾಗು, ನಡುವೆ ಹರಿದ ಎಳೆಗಳು, ಮೇಲಕ್ಕೆ ಹೋದಂತೆ ತೆಳು. ಸಿಡಿದ ನಕ್ಷತ್ರದ ಎಳೆಗಳು ಬಹಳ ಸಣ್ಣದಾಗಿ ಬಂದಿವೆ. ಗೊತ್ತಿದ್ದವರಷ್ಟೇ ಹುಡುಕಿಯಾರು. ಕೆಳಗಿನ ತುದಿ ಮಬ್ಬಿನಲ್ಲಿ ಹೋಗಿದೆ, ಎಷ್ಟು ಎಳೆದರೂ ಬರುವುದಿಲ್ಲ.

ಅಳಿಯ ಒಂದು ಎಐ ಸಾಫ್ಟ್‌ವೇರಿಗೆ ಕೊಟ್ಟ. ಒಂದು ನಿಮಿಷದಲ್ಲಿ ಗಲೀಜೆಲ್ಲ ಮಾಯ, ನೀಹಾರಿಕೆ ರೇಷ್ಮೆಯ ನುಣುಪು. ನನಗೂ ಆಸೆಯಾಯಿತು. ಆಮೇಲೆ ಮೂಲ ಫೋಟೋಗಳ ಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದರೆ ಗುಡ್ಡದ ನೆತ್ತಿಯ ಹತ್ತಿರ ಯಾವ ಮೂಲದಲ್ಲೂ ಇಲ್ಲದ ಚುಕ್ಕಿಗಳು. ಇಲ್ಲದ ಎಳೆಯೂ ಒಂದು ಹುಟ್ಟಿತ್ತು. ಅಳಿಸಿಸಿದೆ.

"ಮಾಮಾ, ನೀವ ದಿನಾ ಬ್ಯಾರೆದವರ ತಲಿ ಬ್ಯಾರೆದವರ ಮೈಗೆ ಹಚ್ತೀರಿ. ನಾಕ ಚುಕ್ಕಿಗೆ ಯಾಕ ಇಷ್ಟ ಹೊಡದಾಡ್ತೀರಿ?"

ಜನವರಿಯಲ್ಲಿ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ. ಸತ್ತ ಅಪ್ಪನ ಫೋಟೋ ನೋಡುವವರೆಲ್ಲರಿಗೂ ಅವರು ಅಪ್ಪನನ್ನು ಕಂಡ ನೆನಪಿದೆ. ಫೋಟೋ ಸುಳ್ಳಾದರೂ ಮೋಸವಿಲ್ಲ. ಈ ಕೆಂಪನ್ನು ಯಾರೂ ಕಂಡಿಲ್ಲ, ಕಾಣಲಾರರು. ಇದಕ್ಕೆ ಸಾಕ್ಷಿ ಈ ಫೋಟೋ ಒಂದೇ. ಒಬ್ಬನೇ ಸಾಕ್ಷಿ ಇರುವ ಮೊಕದ್ದಮೆಯಲ್ಲಿ ಆ ಸಾಕ್ಷಿಯೂ ಕಲ್ಪಿಸಿ ಹೇಳಿದರೆ ಉಳಿದದ್ದೇನು? ಅಳಿಯ ಒಪ್ಪಿದಂತೆ ಕಾಣಲಿಲ್ಲ. ಆದರೆ ಸಾಫ್ಟ್‌ವೇರ್ ಮುಚ್ಚಿದ.

ಅವನ ಇನ್ನೊಂದು ಪ್ರಶ್ನೆ ಒಳ್ಳೆಯದಿತ್ತು. ಹತ್ತಿರ ಹೋದರೆ ಬರಿಗಣ್ಣಿಗೆ ಕಂಡೀತಲ್ಲ, ಆಗ ಎಷ್ಟು ಕೆಂಪು ಇರುತ್ತದೋ ಅಷ್ಟೇ ಇಡೋಣ ಎಂದ. ಸಿಂದಗಿ ಮಾಸ್ತರರಿಗೆ ಫೋನ್ ಮಾಡಿದೆವು. ಹತ್ತಿರ ಹೋದರೂ ಕಾಣುವುದಿಲ್ಲವಂತೆ. ಹತ್ತಿರವಾದಷ್ಟೂ ಹೆಚ್ಚು ಬೆಳಕು ಬರುವುದು ನಿಜ, ಆದರೆ ಅಷ್ಟೇ ಪಟ್ಟು ಅದು ಅಗಲವಾಗಿ ಹರಡುತ್ತದೆ. ಒಂದು ಗೇಣು ಜಾಗದ ಹೊಳಪು ಇಲ್ಲಿಂದ ಎಷ್ಟೋ ಅಲ್ಲಿಯೂ ಅಷ್ಟೇ. ಅದರ ಮಡಿಲಲ್ಲೇ ಹೋಗಿ ಕೂತರೂ ಸುತ್ತ ಕತ್ತಲೆಯೇ. ಅಂದ ಮೇಲೆ 'ಸರಿಯಾದ' ಕೆಂಪು ಎಂಬುದೊಂದಿಲ್ಲ. ಮಬ್ಬಿಗಿಂತ ಸ್ವಲ್ಪ ಮೇಲೆ, ಚುಕ್ಕಿಗಳಿಗಿಂತ ಬಹಳ ಕೆಳಗೆ ಇಟ್ಟು ನಿಲ್ಲಿಸಿದೆ. ಅಳಿಯನ ಪ್ರಕಾರ ಸಪ್ಪೆ.

ಬ್ಯಾಟರಿ ಬೆಳಕು ಬಿದ್ದಿದ್ದ ಆ ಫೋಟೋವನ್ನು ಗುಡ್ಡದ ಬುಡಕ್ಕೆ ಬಳಸಿದೆ. ನೀರು ಬಿಡಲು ಬಂದವನ ಬೆಳಕಿನಿಂದ ಒಂದೆರಡು ಬಂಡೆ ಎದ್ದು ಕಾಣುತ್ತಿವೆ.

30 ಮಾರ್ಚ್ 2025, ರವಿವಾರ. ಬಸವನ ಬಾಗೇವಾಡಿ

ಯುಗಾದಿ. ಮುಂಜಾನೆ ಬೇವು-ಬೆಲ್ಲ, ಮಧ್ಯಾಹ್ನ ಹೋಳಿಗೆ, ಸಂಜೆ ಅಂಗಡಿ. 12x18 ಪ್ರಿಂಟ್ ಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗಿದ್ದೇನೆ. ಕೆಳಗೆ ಸಣ್ಣ ಅಕ್ಷರದಲ್ಲಿ: ಯಲಗೂರ ಹತ್ತಿರ, 26-2-2025, ಆಕಾಶ ಮತ್ತು ನೆಲ ಬೇರೆ ಬೇರೆ ಹೊತ್ತಿನಲ್ಲಿ. ಗಿರಾಕಿಗಳು ಯಾರೂ ಓದಿಲ್ಲ. ಒಬ್ಬರು ಕೇದಾರನಾಥವೇ ಎಂದು ಕೇಳಿದರು, ಇನ್ನೊಬ್ಬರು ಪ್ರಿಂಟರಿನ ಬಣ್ಣ ಸೋರಿದೆ ಎಂದರು.

ಸಂಜೆ ಇಂಡಿ ಕಡೆಯ ಲಿಂಬೆ ಬೆಳೆಗಾರರು ಮೊಮ್ಮಗಳನ್ನು ಕರೆದುಕೊಂಡು ಬಂದರು, ಜೊತೆಗೆ ಅವರ ಮನೆಯವರು. ಹುಟ್ಟುಹಬ್ಬದ ಫೋಟೋ. ಹುಡುಗಿ ಪರದೆಗಳನ್ನೆಲ್ಲ ಬಿಟ್ಟು ಕಟ್ಟಿನ ಕಡೆ ಬೆರಳು ಮಾಡಿದಳು. "ಅದರ ಮುಂದ ನಿಂತಂಗ ಮಾಡಿ ಕೊಡ್ರಿ" ಎಂದರು ಅಜ್ಜ. ಐದು ನಿಮಿಷದ ಕೆಲಸ, ಮುನ್ನೂರು ರೂಪಾಯಿ ಸಿಗುತ್ತಿತ್ತು.

"ಹಚ್ಚಂಗಿಲ್ರಿ. ಅಲ್ಲೇ ಕರಕೊಂಡು ಹೋಗಿ ನಿಲ್ಲಿಸಿ ತಗೀತೇನಿ. ಮುಂದಿನ ಅಮಾಸಿಗೆ ಬರ್ರಿ" ಎಂದೆ.

ಅಜ್ಜಿ ಎದ್ದೇ ಬಿಟ್ಟರು. ಕೂಸನ್ನು ಅಮಾಸಿ ರಾತ್ರಿ ನದಿ ದಂಡೆಗೆ? ಎರಡು ದಿನ ಮೊದಲಾದರೂ ನಡೆಯುತ್ತದೆ, ಏಪ್ರಿಲ್ 25, ಶುಕ್ರವಾರ ಎಂದು ಪಂಚಾಂಗ ತೆಗೆದು ತೋರಿಸಿದೆ. ಆ ಹೊತ್ತಿಗೆ ಅಗಸ್ತ್ಯ ನೈರುತ್ಯಕ್ಕೆ ಇಳಿದಿರುತ್ತಾನೆ. ಎಂಟರಿಂದ ಒಂಬತ್ತರೊಳಗೆ ಮುಗಿಸಬೇಕು. ಶುಕ್ರವಾರ ಒಳ್ಳೆಯ ದಿನ ಎಂದು ಅಜ್ಜಿ ಅರ್ಧ ಒಪ್ಪಿದರು.

ಉಳಿದದ್ದು ಹುಡುಗಿಯ ಪಾಲು. ಹದಿನೈದು ಸೆಕೆಂಡ್ ಅಲುಗದೆ ನಿಲ್ಲಬೇಕು. ಅಲ್ಲೇ ಪರೀಕ್ಷೆ ಮಾಡಿದೆ, ನಾನು ಎಣಿಸುವುದು, ಅವಳು ನಿಲ್ಲುವುದು. ಏಳಕ್ಕೆ ಮೂಗು ತುರಿಸಿಕೊಂಡಳು. ಎರಡನೇ ಸಲ ಒಂಬತ್ತಕ್ಕೆ ನಕ್ಕಳು. ಮನೆಯಲ್ಲಿ ದಿನಾ ರೂಢಿ ಮಾಡಿಸುತ್ತೇವೆ ಎಂದರು ಅಜ್ಜ. ಹಾವು-ಚೇಳಿನ ಮಾತು ಅಜ್ಜಿ ತೆಗೆದರು. ಬೂಟು ಹಾಕಿಸಿಕೊಂಡು ಬರ್ರಿ ಎಂದೆ. ಇನ್ನೂರು ರೂಪಾಯಿ ಮುಂಗಡ ತಗೊಂಡು ಪಾವತಿ ಹರಿದುಕೊಟ್ಟೆ. ವಿವರದ ಜಾಗದಲ್ಲಿ 'ಔಟ್‌ಡೋರ್, ರಾತ್ರಿ' ಎಂದು ಬರೆದೆ.